ಉಚಿತ ನೆರವಿನ ಮುಯ್ಯಿ

ಉಚಿತವಾಗಿ ಸಿಗುವ ವಸ್ತುಗಳ ಬಗ್ಗೆ ನನಗೆ ಮೊದಲಿನಿಂದಲೂ ಅಪಾರ ಗೌರವ. ಗೊಬ್ಬರದ ಅಂಗಡಿಯವರು ಕೊಡುವ ಕ್ಯಾಲೆಂಡರು, ಮದುವೆಮನೆಯ ತಾಂಬೂಲದ ಚೀಲ, ಔಷಧಿ ಹೊಡೆಯುವ ಮಿಷನ್ ಕೊಂಡರೆ ಜೊತೆಗೆ ಬರುವ ಟೋಪಿ, ಯಾವುದನ್ನೂ ನಾನು ಬೇಡ ಅಂದವನಲ್ಲ. ಅಂಥ ನಾನು ಈಗ ‘ಉಚಿತ’ ಎಂಬ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಇದಕ್ಕೆ ಕಾರಣ ಮೂರು: ನನ್ನ ಹೆಂಡತಿ ಸರೋಜ, ಜಾವಳಿಯಲ್ಲಿರುವ ಅವಳ ತವರಿನ ಗದ್ದೆ, ಮತ್ತು ನಾನು ನನ್ನ ಸ್ವಂತ ಬೆರಳಿನಿಂದಲೇ ಒತ್ತಿದ ಒಂದು ಫೋನ್ ನಂಬರು.

ಮೊದಲಿನಿಂದ ಹೇಳುತ್ತೇನೆ. (ಹೇಳುತ್ತಾ ಹೇಳುತ್ತಾ ನನಗೂ ಅರ್ಥವಾದರೆ ಅದೇ ಲಾಭ.)

ಹೋದ ದೀಪಾವಳಿಯ ಹೊತ್ತಿಗೆ ಸರೋಜಳ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಕೀಮೋ ಅಂದರು. ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು, “ಇವರು ಭಾರ ಎತ್ತಬಾರದು, ಒಲೆ ಮುಂದೆ ನಿಲ್ಲಬಾರದು, ಆಗಿಂದಾಗ್ಗೆ ಮಾಡಿದ ಬಿಸಿ ಊಟವೇ ಆಗಬೇಕು. ರಕ್ತದಲ್ಲಿ ಬಿಳಿಕಣದ ಕೌಂಟ್ ಇಳಿದರೆ ಮುಂದಿನ ಕೀಮೋ ಕೊಡೋಕಾಗಲ್ಲ” ಅಂದರು.

“ಆಯ್ತು ಡಾಕ್ಟ್ರೇ, ಮನೆ ಎಲ್ಲಾ ನಾನು ನೋಡ್ಕೋತೀನಿ” ಅಂದೆ.

ಪಕ್ಕದಲ್ಲಿದ್ದ ಸರೋಜ ಆಪರೇಷನ್ ಆದಮೇಲೆ ಮೊದಲ ಸಲ ನಕ್ಕಳು.

ನಮ್ಮದು ಬಣಕಲ್ ಹತ್ತಿರ ಆರೆಕರೆ ಕಾಫಿ ತೋಟ. ಮನೆಯಲ್ಲಿ ಇಬ್ಬರೇ. ಇರುವ ಒಬ್ಬ ಮಗಳು ಧಾರವಾಡದಲ್ಲಿ ಕೃಷಿ ಓದುತ್ತಿದ್ದಾಳೆ. ಪರೀಕ್ಷೆ ಬಿಟ್ಟು ಬರುತ್ತೇನೆಂದವಳನ್ನು ಸರೋಜ ಫೋನಿನಲ್ಲೇ ಗದರಿಸಿ ನಿಲ್ಲಿಸಿದ್ದಳು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಕಾಫಿ ಕುಯ್ಲಿಗೆ ಹೋಗಿಬಿಟ್ಟಿದ್ದಳು. ಕುಯ್ಲಿನ ಕಾಲದಲ್ಲಿ ನಮ್ಮ ಕಡೆ ಹುಡುಕಿದರೆ ಹುಲಿಯಾದರೂ ಸಿಗಬಹುದು, ಮನೆಗೆಲಸಕ್ಕೆ ಜನ ಸಿಗುವುದಿಲ್ಲ. ಹೀಗಾಗಿ ಗೃಹಕೃತ್ಯ ಖಾತೆಯನ್ನು ಹೆಚ್ಚುವರಿಯಾಗಿ ನಾನೇ ವಹಿಸಿಕೊಂಡೆ.

ನಾನು ಮಾಡಿದ ಗಂಜಿ ಮೊದಲ ದಿನ ನೀರಿನಂತಿತ್ತು. ಎರಡನೆಯ ದಿನದ್ದನ್ನು ಕಣದ ಬಿರುಕು ಮುಚ್ಚಲು ಬಳಸಬಹುದಿತ್ತು. ಮೂರನೆಯ ದಿನ ಕುಕ್ಕರು ಎಷ್ಟು ಕೂಗಿದರೂ ಆರಿಸಬೇಕೆಂದು ಹೊಳೆಯಲಿಲ್ಲ. ಅದು ನನ್ನನ್ನು ಹೊಗಳುತ್ತಿದೆ ಅಂದುಕೊಂಡಿದ್ದೆ. ನಾನು ತೋಟಕ್ಕೆ ಹೋದ ಹೊತ್ತು ನೋಡಿ ಸರೋಜ ಕದ್ದು ಎದ್ದು ಅಡುಗೆ ಮಾಡತೊಡಗಿದಳು. ನಾನು ಬರುವ ಸದ್ದು ಕೇಳಿದೊಡನೆ ಹೋಗಿ ಮಲಗುತ್ತಿದ್ದಳು. ‘ಪರವಾಗಿಲ್ಲ, ನನ್ನ ಗಂಜಿ ಇವತ್ತು ಸಾರು ಪಲ್ಯದ ರೂಪ ತಾಳಿದೆ’ ಎಂದು ನಾನು ನಂಬಿಕೊಂಡು ಉಣ್ಣುತ್ತಿದ್ದೆ.

ಎರಡನೆಯ ಕೀಮೋಗೆಂದು ಚಾರ್ಮಾಡಿ ಘಾಟಿಯ ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಮಂಗಳೂರು ಮುಟ್ಟಿದರೆ, ರಕ್ತ ನೋಡಿದ ಡಾಕ್ಟರು ತಲೆ ಅಲ್ಲಾಡಿಸಿದರು. “ಕೌಂಟ್ ಕಡಿಮೆ ಇದೆ. ಒಂದು ವಾರ ಬಿಟ್ಟು ಬನ್ನಿ. ಹೀಗೆ ಮುಂದಕ್ಕೆ ಹೋಗ್ತಾ ಇರೋದು ಒಳ್ಳೇದಲ್ಲ.”

ವಾಪಸು ಬರುವಾಗ ನನ್ನ ಕಿಸೆಯಲ್ಲಿ ಒಂದು ಚೀಟಿಯಿತ್ತು. ಆಸ್ಪತ್ರೆಯ ಗೋಡೆಯ ಮೇಲೆ ಕಂಡು ಬರೆದುಕೊಂಡದ್ದು: ‘ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮನೆಗೆ ಉಚಿತ ಮನೆಗೆಲಸದ ನೆರವು. ನೆರವಿನ ಕೈ ಬಳಗ, ಮೂಡಿಗೆರೆ ತಾಲ್ಲೂಕು.’

ಮಾರನೆಯ ದಿನ ಫೋನ್ ಮಾಡಿ, ಮನೇಲಿ ಕೆಲಸ ಮಾಡೋರು ಯಾರೂ ಇಲ್ಲ ಅಂದೆ. ಆ ಕಡೆ ಒಂದು ಗಟ್ಟಿ ಹೆಂಗಸಿನ ದನಿ.

“ಮನೇಲಿ ಎಷ್ಟು ಜನ?”

“ಇಬ್ರು. ನಾನು, ನಮ್ಮನೆಯವಳು.”

“ಹುಷಾರಿಲ್ದಿರೋದು ಯಾರಿಗೆ?”

“ನಮ್ಮನೆಯವಳಿಗೆ.”

“ನಿಮಗೆಂತ ಆಗಿದೆ?”

“ನನಗೆಂತದೂ ಆಗಿಲ್ಲ.”

“ಕೈ ಕಾಲು ಸರಿ ಇದಾವ?”

“ಇದಾವೆ.”

“ಕಣ್ಣು ಕಾಣತ್ತಾ?”

“ಪೇಪರ್ ಓದಕ್ಕೆ ಮಾತ್ರ ಕನ್ನಡಕ.”

“ಮತ್ತೆ ಮನೇಲಿ ಕೆಲಸ ಮಾಡೋರು ಯಾರೂ ಇಲ್ಲ ಅಂದ್ರಲ್ಲ?”

ಆದರೂ ಆಕೆ ಕರುಣಾಮಯಿ. ಸೋಮವಾರ ಬಂದು ನಾಲ್ಕು ಗಂಟೆ ಕೆಲಸ ಮಾಡಿಕೊಡುತ್ತೇನೆ ಅಂದರು. ದುಡ್ಡು, ಉಡುಗೊರೆ, ಊಟ, ತಿಂಡಿ, ಕಾಫಿ ಯಾವುದನ್ನೂ ಮುಟ್ಟುವುದಿಲ್ಲ, ಅದು ಬಳಗದ ನಿಯಮ ಅಂತಲೂ ಹೇಳಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಂತಾಯಿತು.

ಸರೋಜಳಿಗೆ ಹೇಳಿದೆ. ಅವಳ ಮುಖ ಗಂಟಿಕ್ಕಿತು.

“ಯಾರೋ ಬಂದು ನಮ್ಮನೆ ಎಂಜಲು ಪಾತ್ರೆ ತೊಳೆದು ಸುಮ್ನೆ ಹೋಗೋದು, ನಾನು ಮಲ್ಕೊಂಡು ನೋಡೋದು. ಅದೆಲ್ಲ ಆಗಲ್ಲ.”

“ಸೇವೆ ಮಾರಾಯ್ತಿ ಅದು. ಒಂದು ಲೋಟ ಕಾಫೀನೂ ಕುಡಿಯಲ್ವಂತೆ!”

“ಕಾಫೀನೂ ಕುಡಿಯಲ್ವಾ?” ಸರೋಜ ಎದ್ದೇ ಕೂತಳು. ನಮ್ಮ ಸೀಮೆಯಲ್ಲಿ ಕಾಫಿ ಕುಡಿಯದೆ ಮನೆಯಿಂದ ಹೋದವರು ಒಂದೋ ಜಗಳಾಡಿ ಹೋಗಿರಬೇಕು, ಇಲ್ಲ ಜಪ್ತಿಗೆ ಬಂದವರಾಗಿರಬೇಕು. ಸ್ವಲ್ಪ ಹೊತ್ತು ಯೋಚಿಸಿ ಅವಳೆಂದಳು: “ಮುಯ್ಯಾಳು ಅಂತಾದ್ರೆ ಬರ್ಲಿ. ಇಲ್ದಿದ್ರೆ ಬೇಡ.”

ಮುಯ್ಯಾಳು ಅಂದರೆ ಗದ್ದೆ ಇರುವ ಊರುಗಳ ಹಳೆಯ ಕ್ರಮ. ಇವತ್ತು ನಿಮ್ಮ ಮನೆಯಿಂದ ನಾಲ್ಕು ಜನ ನಮ್ಮ ಗದ್ದೆಗೆ ಬಂದು ನಟ್ಟಿ ಮಾಡಿದರೆ, ನಾಳೆ ನಮ್ಮ ಮನೆಯ ನಾಲ್ಕು ಜನ ನಿಮ್ಮ ಗದ್ದೆಗೆ. ನಟ್ಟಿಗೆ ನಟ್ಟಿ, ಕುಯ್ಲಿಗೆ ಕುಯ್ಲು. ಕೂಲಿ ಇಲ್ಲ, ಉಪಕಾರವೂ ಇಲ್ಲ. ಸರೋಜ ಆ ಕೆಸರಿನಲ್ಲೇ ಬೆಳೆದವಳು.

“ಮುಯ್ಯಿ ತೀರ್ಸಕ್ಕೆ ನೀನು ಮಲಗಿದೀಯಲ್ಲೇ?”

“ನೀವು ನಿಂತಿದೀರಲ್ಲ” ಅಂದಳು.

ನಾನು ನಗುತ್ತಾ ಒಪ್ಪಿಕೊಂಡೆ. ಐವತ್ತನಾಲ್ಕು ವರ್ಷದ, ಬೆಳೆಗಾರರ ಸಂಘದ ಮಾಜಿ ಖಜಾಂಚಿಯಾದ ನನ್ನನ್ನು ಯಾವ ಮಹಿಳೆ ಪಾತ್ರೆ ತೊಳೆಯಲು ಕರೆದಾಳು?

ಕರೆದಳು. ಆಕೆಯ ಹೆಸರು ನಂಜಮ್ಮ.

ಸೋಮವಾರ ಬಂದ ನಂಜಮ್ಮ ಫೋನಿನಲ್ಲಿ ಮಾತಾಡಿದವರೇ. ಅರವತ್ತು ದಾಟಿದ ಹೆಂಗಸು. ಬಾಯಿಗೆ ಮಾಸ್ಕು, ಸೊಂಟಕ್ಕೆ ಸೆರಗು. ಕೈ ತೊಳೆದು ಒಳಗೆ ಬಂದವರೇ ನಮ್ಮ ಅಡುಗೆಮನೆ ನೋಡಿ, “ಇಲ್ಲೆಂತ, ಕಾಡಿಂದ ಕಾಟಿ ನುಗ್ಗಿತ್ತಾ?” ಅಂದರು. ನಾಲ್ಕು ಗಂಟೆಯಲ್ಲಿ ಪಾತ್ರೆಗಳು ಮಿಂಚಿದವು, ಹೆಸರುಕಾಳಿನ ಸಾರು ಘಮಘಮಿಸಿತು, ಅಕ್ಕಿರೊಟ್ಟಿ ಉಬ್ಬಿತು. ಸರೋಜ ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ತಿಂದಳು. ನಂಜಮ್ಮ ಹೊರಟು ನಿಂತಾಗ ಸರೋಜ ಮುಯ್ಯಿಯ ಮಾತು ತೆಗೆದಳು.

ನಂಜಮ್ಮನವರದೂ ಜಾವಳಿಯೇ. ಇನ್ನೊಬ್ಬರಾಗಿದ್ದರೆ ನಕ್ಕು ಬಿಡುತ್ತಿದ್ದರು. ಆಕೆ ಗಂಭೀರವಾಗಿ ಯೋಚಿಸಿದರು.

“ದುಡ್ಡು ತಗೋಬಾರ್ದು ಅಂತಿದೆ, ಕಾಫಿ ಕುಡೀಬಾರ್ದು ಅಂತಿದೆ. ಆಳು ತಗೋಬಾರ್ದು ಅಂತ ನಮ್ಮ ನಿಯಮದಲ್ಲಿ ಬರ್ದಿಲ್ಲ ಸರೋಜ.” ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಎತ್ತು ನೋಡುವ ಹಾಗೆ ನೋಡಿ, “ನಾಳೆ ಒಂಬತ್ತಕ್ಕೆ ಕಳ್ಸು” ಅಂದರು.

ಮಂಗಳವಾರ ಜಾವಳಿಯಲ್ಲಿ ನಾನು ಪಾತ್ರೆ ತೊಳೆದೆ. ಮರ ಕಸಿ ಮಾಡುತ್ತೇನೆ, ಬೇಲಿ ಕಟ್ಟುತ್ತೇನೆ, ಬ್ಯಾಂಕಿನ ಅರ್ಜಿ ಬರೆದುಕೊಡುತ್ತೇನೆ ಎಂದೆಲ್ಲ ಗೋಗರೆದೆ. “ನಾನು ನಿಮ್ಮನೇಲಿ ಅರ್ಜಿ ಬರ್ದೆನಾ? ಪಾತ್ರೆಗೆ ಪಾತ್ರೆ, ರೊಟ್ಟಿಗೆ ರೊಟ್ಟಿ” ಅಂದರು ನಂಜಮ್ಮ. ನಾನು ತಟ್ಟಿದ ಮೊದಲ ರೊಟ್ಟಿ ಮೂಡಿಗೆರೆ ತಾಲ್ಲೂಕಿನ ನಕ್ಷೆಯ ಹಾಗಿತ್ತು, ಅದೂ ಕಳಸ ಬೇರೆಯಾಗುವ ಮುಂಚಿನದು. ಅವರ ಗಂಡ ರಂಗನಾಥ ಗೌಡರು ಬಾಗಿಲಲ್ಲಿ ಪೇಪರು ಹಿಡಿದು ನಿಂತವರು ನನ್ನನ್ನೇ ನೋಡಿದರು.

“ಜಯಪ್ರಕಾಶ್, ಒಂದು ಮಾತು” ಅಂತ ಪಿಸುಗುಟ್ಟಿದರು. “ನೀವು ಮಾಡೋದು ಮಾಡಿ. ಆದ್ರೆ ಇಷ್ಟು ಚೆನ್ನಾಗಿ ಉಜ್ಜಬೇಡಿ ಮಾರಾಯ್ರೆ. ನೀವು ಸಂಜೆ ಹೋಗ್ತೀರಿ. ನಾನು ಇಲ್ಲೇ ಇರ್ಬೇಕು.”

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ನಾನು ಜಾವಳಿಗೆ ಹೋದರೆ ಮನೆಯಲ್ಲಿ ಸರೋಜ ಒಬ್ಬಳೇ ಆಗುತ್ತಾಳಲ್ಲ? ಪೇಷೆಂಟನ್ನು ಒಂಟಿಯಾಗಿ ಬಿಡಬಾರದೆಂದು ನಂಜಮ್ಮ ಆ ಮಂಗಳವಾರವೇ ಬಳಗದವರೇ ಆದ ಬಣಕಲ್ಲಿನ ರೌಶನ್ ಬೀಯವರನ್ನು ನಮ್ಮ ಮನೆಗೆ ಕಳಿಸಿದ್ದರು. ಆಕೆ ಜೀಪು ಗ್ಯಾರೇಜಿನ ಸಫ್ದರ್‌ನ ಹೆಂಡತಿ. ಬಟ್ಟೆ ಒಗೆದು, ನೆಲ ಒರೆಸಿ ಹೋದರು. ಹಾಗಾಗಿ ಬುಧವಾರ ನಾನು ರೌಶನ್ ಬೀಯವರ ಮನೆಯಲ್ಲಿ ಬಟ್ಟೆ ಒಗೆಯಬೇಕಾಯಿತು. (ಗ್ಯಾರೇಜಿನವನ ಪ್ಯಾಂಟು ಒಗೆದಿದ್ದೀರಾ? ಒಗೆದ ಮೇಲೆ ನೀರನ್ನು ಬೇಕಾದರೆ ಎಂಜಿನ್ನಿಗೆ ಹಾಕಬಹುದು.) ಬುಧವಾರ ನಾನು ಅಲ್ಲಿದ್ದುದರಿಂದ ನಮ್ಮ ಮನೆಗೆ ಅದೇ ಬಳಗದ, ಬಾಳೂರಿನ ಎಸ್ಟೇಟ್ ಮನೆಯ ಸೊಸೆ ಮೇಘಶ್ರೀ ಬಂದು ಕಿಟಕಿ ಗಾಜು ಒರೆಸಿದಳು. ಗುರುವಾರ ನಾನು ಬಾಳೂರಿನ ಬಂಗಲೆಯಲ್ಲಿ ಕಿಟಕಿ ಒರೆಸಿದೆ. ಗುರುವಾರ ನಾನು ಬಾಳೂರಿನಲ್ಲಿದ್ದುದರಿಂದ ನಮ್ಮ ಮನೆಗೆ ಮತ್ತೆ ನಂಜಮ್ಮ ಬಂದರು.

ಅರ್ಥವಾಯಿತಲ್ಲ? ನನಗೆ ಆಗಲಿಲ್ಲ.

ನಾನು ಮನೆಯಲ್ಲಿ ಇಲ್ಲದ್ದರಿಂದ ಅವರು ಬರುತ್ತಿದ್ದರು. ಅವರು ಬರುತ್ತಿದ್ದುದರಿಂದ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಒಂದು ಸಂಜೆ ಟೇಬಲ್ಲಿನ ಮೇಲೆ ನಾಲ್ಕು ಕಾಫಿ ಬೀಜ ಇಟ್ಟುಕೊಂಡು ಸರೋಜಳಿಗೆ ವಿವರಿಸಿದೆ.

“ನೋಡು, ಇದು ನಾನು. ಇದು ನಂಜಮ್ಮ. ಇದು ರೌಶನ್ ಬೀ. ಇದು ಮೇಘಶ್ರೀ. ನಾನು ನಮ್ಮನೆ ಪಾತ್ರೆ ನಾನೇ ತೊಳೆದ್ರೆ, ಯಾರೂ ಎಲ್ಲಿಗೂ ಹೋಗ್ಬೇಕಾಗಿಲ್ಲ!”

“ಹೌದಲ್ಲ” ಅಂದಳು ಸರೋಜ. ನನ್ನ ಮನಸ್ಸು ಅರಳಿತು. “ಇದನ್ನ ಇಪ್ಪತ್ತಾರು ವರ್ಷದಲ್ಲಿ ಒಂದ್ಸಲನಾದ್ರೂ ಹೇಳಿದ್ರಾ?”

ನಾನು ಬೀಜಗಳನ್ನು ಡಬ್ಬಿಗೆ ಹಾಕಿದೆ.

ಮುಂದಿನ ಸಲ ಮಂಗಳೂರಿನಲ್ಲಿ ಡಾಕ್ಟರು ರಿಪೋರ್ಟು ನೋಡಿ, “ಕೌಂಟ್ ಚೆನ್ನಾಗಿದೆ. ಏನು ಮಾಡಿದ್ರಿ?” ಅಂದರು. ಹೇಳಲು ಹೊರಟೆ. ಮೇಘಶ್ರೀಯ ಕಿಟಕಿಯವರೆಗೆ ಬರುವಷ್ಟರಲ್ಲಿ ಅವರು ಮುಂದಿನ ಪೇಷೆಂಟನ್ನು ಕರೆದರು. ಅಲ್ಲಿಗೆ ನನ್ನ ವಾದಗಳೆಲ್ಲ ಬಿದ್ದುಹೋದವು. ಸಾರಿಗೂ ರೊಟ್ಟಿಗೂ ಏರುವ ಕೌಂಟಿನ ಎದುರು ತರ್ಕ ಹೇಳುವ ಧೈರ್ಯ ಯಾವ ಗಂಡನಿಗಿದೆ?

ಆದರೆ ಊರಿಗೆ ಕೌಂಟಿನ ವಿಷಯ ಗೊತ್ತಿರಲಿಲ್ಲ. ಬಾಳೂರಿನಲ್ಲಿ ಏಣಿಯ ಮೇಲೆ ನಿಂತು ಗಾಜು ಉಜ್ಜುತ್ತಿದ್ದಾಗ ಮೇಘಶ್ರೀಯ ಮಾವ ವಿಶ್ವನಾಥ್ ಅವರ ಜೀಪು ಬಂದು ನಿಂತಿತು. ಸಂಘದ ಸಭೆಗಳಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವರು. ತಲೆಯೆತ್ತಿ ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿದರು.

“ಜಯಪ್ರಕಾಶಾ? ಕಾಫಿಗೆ ಇಂಥ ರೇಟ್ ಬಂದಿರೋ ವರ್ಷದಲ್ಲೂ ನಿಮಗೆ ಈ ಗತಿಯಾ ಮಾರಾಯ್ರೆ?”

“ಇದು ಮುಯ್ಯಿ ಸಾರ್” ಅಂದೆ ಏಣಿಯಿಂದಲೇ.

“ಮಾವ, ಅಂಕಲ್‌ಗೆ ತೊಂದ್ರೆ ಕೊಡ್ಬೇಡಿ, ಇನ್ನೂ ಆರು ಕಿಟಕಿ ಇದೆ” ಅಂದಳು ಒಳಗಿನಿಂದ ಮೇಘಶ್ರೀ.

ಮರುವಾರ ಬಣಕಲ್ ಬಸ್‌ಸ್ಟ್ಯಾಂಡಿನ ಹೋಟೆಲಿನ ನಾಗೇಶ ನನ್ನನ್ನು ಪಕ್ಕಕ್ಕೆ ಕರೆದು, “ಗೌಡ್ರೇ, ಬೇಜಾರಿಲ್ಲ ಅಂದ್ರೆ ಒಂದು ಮಾತು. ರೊಟ್ಟಿ ತಟ್ಟಕ್ಕೆ ನಮ್ಮಲ್ಲೂ ಒಬ್ರು ಬೇಕಾಗಿತ್ತು” ಅಂದ. ಕೋಪ ಮಾಡಿಕೊಳ್ಳಬೇಕೆಂದಿದ್ದೆ. ಬದಲಿಗೆ ನನ್ನ ಬಾಯಿಂದ ಬಂದದ್ದು, “ಹಿಟ್ಟು ಕುದಿನೀರಲ್ಲಿ ಉಕ್ಕರಿಸ್ತೀರೋ, ಹಾಗೇ ಕಲಸ್ತೀರೋ?”

ಕ್ರಮೇಣ ನನ್ನ ತಲೆ ಪೂರ್ತಿ ಕಲಸಿಹೋಯಿತು. ನಂಜಮ್ಮನವರ ಉಪ್ಪಿನ ಭರಣಿಯನ್ನು ರೌಶನ್ ಬೀಯವರ ಕಪಾಟಿನಲ್ಲಿ ಹುಡುಕಿದೆ. ಒಂದು ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲೇ ನಿಂತು, “ಒಳಗೆ ಬರಬಹುದಾ?” ಎಂದು ಕೇಳಿದೆ. ಅತ್ತ ನಮ್ಮ ಮನೆಯಲ್ಲಿ ಒಳ್ಳೆಯ ಸಂಸಾರವೊಂದು ನಡೆಯುತ್ತಿತ್ತು, ನಾನು ಮಾತ್ರ ಅದರಲ್ಲಿರಲಿಲ್ಲ. ಸರೋಜಳ ಕೂದಲು ಉದುರಿದಾಗ ರೌಶನ್ ಬೀ ತಮ್ಮ ಹಸಿರು ದುಪ್ಪಟ್ಟಾವನ್ನು ಅವಳ ತಲೆಗೆ ಚೆಂದವಾಗಿ ಸುತ್ತಿ, ಕನ್ನಡಿ ಹಿಡಿದು, “ನೋಡಿ ಅಕ್ಕಾ, ಅಣ್ಣನ ಬೊಕ್ಕತಲೆಗಿಂತ ಎಷ್ಟೋ ಚೆನ್ನಾಗಿದೆ” ಅಂದರಂತೆ. ಆ ದಿನ ಅವಳು ಅಳಲಿಲ್ಲವಂತೆ. ನಾನು ಆ ಹೊತ್ತಿಗೆ ಆಕೆಯದೇ ಮನೆಯಲ್ಲಿ ಸಫ್ದರನ ಪ್ಯಾಂಟು ಹಿಂಡುತ್ತಿದ್ದೆ.

ಅಂತೂ ಆಮೇಲೆ ಒಂದೂ ಮುಂದಕ್ಕೆ ಹೋಗದೆ ಆರನೆಯ ಕೀಮೋ ಮುಗಿಯಿತು. ಮೂರು ವಾರ ಬಿಟ್ಟು ಪರೀಕ್ಷೆ ಮಾಡಿದ ಡಾಕ್ಟರು, “ಸದ್ಯಕ್ಕೆ ಎಲ್ಲಾ ಸರಿ ಇದೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ” ಅಂದರು. ‘ಸದ್ಯಕ್ಕೆ’ ಎಂಬ ಮಾತನ್ನು ನಾನೂ ಸರೋಜಳೂ ಬೇರೆ ಬೇರೆಯಾಗಿ ಕೇಳಿಸಿಕೊಂಡೆವು.

ಈಗ ಉಳಿದದ್ದು ಒಂದೇ ದಿನದ ಮುಯ್ಯಿ, ಬಾಳೂರಿಗೆ. ಆ ದಿನ ನಮ್ಮ ಮನೆಗೆ ಯಾರೂ ಬರುವುದು ಬೇಡ, ಬಂದರೆ ಇದು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ ಎಂದು ನಂಜಮ್ಮನವರಿಗೆ ಕೈ ಮುಗಿದು ಕೇಳಿಕೊಂಡೆ. “ಅರ್ಧ ದಿನ ಒಬ್ಳೇ ಇರ್ತೀನಿ, ಹೋಗಿ” ಅಂದಳು ಸರೋಜ. ಹೋದೆ. ಆದರೆ ಕಿಟಕಿಯ ಗಾಜಿನಲ್ಲೆಲ್ಲ ಅವಳ ಮುಖವೇ ಕಂಡು, ಮೇಘಶ್ರೀಗೆ ಹೇಳಿ ಹನ್ನೊಂದಕ್ಕೇ ಬಸ್ಸು ಹತ್ತಿದೆ.

ಮನೆ ಬಾಗಿಲು ಬರೀ ಎಳೆದಿತ್ತು. “ಸರೋಜ” ಅಂದೆ. ಉತ್ತರವಿಲ್ಲ. ಮಂಚ ಖಾಲಿ. ಹಸಿರು ದುಪ್ಪಟ್ಟಾ ಗೂಟದಲ್ಲಿಲ್ಲ. ಬಚ್ಚಲುಮನೆ, ಹಿತ್ತಲು, ಕಣ, ಎಲ್ಲಾ ನೋಡಿದೆ. ಫೋನ್ ಮಾಡಿದರೆ ಅದು ಫ್ರಿಜ್ಜಿನ ಮೇಲೆ ಕೂತು ನನಗೇ ಕೂಗಿತು. ಆಸ್ಪತ್ರೆಗೇ ಏನಾದರೂ ಕರೆದುಕೊಂಡು ಹೋದರೋ ಅನಿಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಎದುರಿಗೆ ಅವಳ ಮಾತ್ರೆಯ ಡಬ್ಬಿ. ಊಟದ ಮೇಲಿನ ಮಾತ್ರೆ, ಒಂದು ಗಂಟೆಗೆ. ಗಡಿಯಾರ ನೋಡಿದೆ: ಹನ್ನೆರಡೂಕಾಲು.

ಆಮೇಲೆ ಏನಾಯಿತೋ ಗೊತ್ತಿಲ್ಲ. ಅವಳು ಎಲ್ಲಿದ್ದಾಳೆಂದು ಯೋಚಿಸುತ್ತಲೇ ಇದ್ದೆ, ಕೈಗಳು ತಮ್ಮ ಪಾಡಿಗೆ ಅಕ್ಕಿ ತೊಳೆದವು, ಕಾಳು ಬೇಯಿಸಿದವು, ಹಿಟ್ಟು ಉಕ್ಕರಿಸಿದವು. ನಾಲ್ಕು ತಿಂಗಳಲ್ಲಿ ಅವು ನನ್ನ ಅಪ್ಪಣೆ ಕೇಳುವುದನ್ನು ಬಿಟ್ಟಿದ್ದವು.

ಸರಿಯಾಗಿ ಒಂದಕ್ಕೆ ಹತ್ತು ನಿಮಿಷವಿರುವಾಗ ಸಫ್ದರನ ಜೀಪು ಬಂತು. ಸರೋಜ ಮಹಾರಾಣಿಯಂತೆ ಇಳಿದಳು.

“ಎಲ್ಲಿಗೆ ಹೋಗಿದ್ದೆ?” ಸೌಟು ಹಿಡಿದೇ ಹೊರಗೆ ಬಂದೆ.

“ಜಾವಳಿಗೆ. ನಂಜಕ್ಕಂಗೆ ಮಂಡಿನೋವಂತೆ. ಒಂದು ಗಂಟೆ ಕೂತು ಬೀನ್ಸ್ ಹೆಚ್ಚಿಕೊಟ್ಟು ಬಂದೆ. ನಿಮ್ಮ ಕೈಲೇ ಎಲ್ಲಾ ತೀರ್ಸೋದು ಎಷ್ಟು ಸರಿ? ನನ್ನದೂ ಅಂತ ಒಂದಿನ ಬೇಡ್ವಾ?”

“ಹೇಳಿ ಹೋಗಕ್ಕೇನಾಗಿತ್ತು? ನಾನಿಲ್ಲಿ...”

ಅವಳು ನನ್ನ ಮುಖ ನೋಡಿದಳು. ಒಲೆ ನೋಡಿದಳು. ಕೈ ತೊಳೆದು ಊಟಕ್ಕೆ ಕೂತಳು. ಒಂದು ರೊಟ್ಟಿ ಮುಗಿಸಿ ಇನ್ನೊಂದು ಹಾಕಿಸಿಕೊಂಡಳು. “ಸಾರು ರೌಶನ್ ಬೀ ಮಾಡಿಟ್ಟಿದ್ದಾ?” ಅಂದಳು.

“ನಾನು ಮಾಡಿದ್ದು.”

ಅವಳು ಬೆರಳು ನೆಕ್ಕಿದಳು. ಇಪ್ಪತ್ತಾರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ. ತಲೆ ತಿರುಗಿತು. ತಿರುಗಿದ ತಲೆಯಲ್ಲೊಂದು ಅಮೋಘ ಉಪಾಯ ಹೊಳೆಯಿತು. ನಾಲ್ಕು ತಿಂಗಳು ನನ್ನನ್ನು ಮನೆಮನೆ ಸುತ್ತಿಸಿದ ಅಸ್ತ್ರವನ್ನೇ ಅವಳ ಮೇಲೆ ಪ್ರಯೋಗಿಸಿದರೆ?

“ನೋಡು ಸರೋಜ, ಮುಯ್ಯಿ ಅಂದ್ರೆ ಮುಯ್ಯಿ. ಇವತ್ತು ನಾನು ನಿನಗೆ ಅಡುಗೆ ಮಾಡಿ ಹಾಕಿದೀನಿ. ಇದನ್ನ ನೀನು ತೀರಿಸ್ಬೇಕಾಗುತ್ತೆ” ಅಂದೆ ಮೀಸೆಯ ಮೇಲೆ ಕೈಯಾಡಿಸುತ್ತಾ.

“ಅಡುಗೆಗೂ ಮುಯ್ಯಿನಾ?” ಅವಳು ತಟ್ಟೆಯಿಂದ ತಲೆಯೆತ್ತಿದಳು.

“ಮತ್ತೆ? ರೊಟ್ಟಿಗೆ ರೊಟ್ಟಿ.”

“ಗಂಡ ಹೆಂಡ್ತಿ ನಡುವೆನೂ?”

“ನಿಯಮದಲ್ಲಿ ಬೇಡ ಅಂತ ಬರ್ದಿಲ್ಲ.”

“ಸರಿ ಹಾಗಾದ್ರೆ” ಅಂದಳು ಸಾವಕಾಶವಾಗಿ. “ಇಪ್ಪತ್ತಾರು ವರ್ಷದಿಂದ ನಿಮ್ಮ ಗದ್ದೇಲಿ ನಾನೊಬ್ಳೇ ಆಳು. ದಿನಕ್ಕೆ ಮೂರು ಹೊತ್ತು. ಮುಯ್ಯಾಳಂತೂ ಒಂದೂ ವಾಪಸ್ ಬಂದಿಲ್ಲ. ಇವತ್ತಿನ ಮಧ್ಯಾಹ್ನದ ಒಂದು ಹೊತ್ತು ಲೆಕ್ಕದಿಂದ ಕಳೀರಿ. ಉಳಿದಿದ್ದು ಸಂಜೆಯಿಂದ ಶುರು ಮಾಡಿ.”

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಐವತ್ತನಾಲ್ಕಕ್ಕೆ ಇಪ್ಪತ್ತಾರು ಸೇರಿಸಿದರೆ ಎಂಬತ್ತು.

“ಎಂಬತ್ತು ವರ್ಷದವರೆಗೂ ರೊಟ್ಟಿ ತಟ್ಬೇಕಾ? ಅಲ್ಲಿವರೆಗೆ ನೀನೂ...” ಎಂದು ಹೊರಟ ಮಾತನ್ನು ನುಂಗಿಕೊಂಡೆ. ಪೂರ್ತಿ ನುಂಗಲು ಆಗಲಿಲ್ಲ.

ಸರೋಜ ದುಪ್ಪಟ್ಟಾ ಸರಿಮಾಡಿಕೊಂಡು ಮಾತ್ರೆ ಬಾಯಿಗೆ ಹಾಕಿದಳು. ನೀರು ಕುಡಿದಳು.

“ಇರ್ದೆ ಮತ್ತೆ? ಬರ್ಬೇಕಾದ ಆಳನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಎದ್ದು ಕಾಫಿ ಇಡಿ.”

ಕಾಫಿಗೆ ನೀರಿಡುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ನಂಜಮ್ಮ. “ಗೌಡ್ರೇ, ಕಳಸದ ಕಡೆ ಒಂದು ಮನೆ ಇದೆ. ಹೆಂಗಸಿಗೆ ಮೊನ್ನೆ ಕೀಮೋ ಶುರುವಾಗಿದೆ. ಗಂಡ ಇದಾನೆ, ಕೈ ಕಾಲು ಎಲ್ಲಾ ಸರಿ ಇದೆ, ಆದ್ರೆ ನೀರು ಕಾಯ್ಸಕ್ಕೂ ಬರಲ್ಲ. ನೀವೊಂದು ನಾಲ್ಕು ದಿನ ಹೋಗಿ ಕಲಿಸಿಕೊಟ್ರೆ...”

ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ‘ಬರ್ತೀನಿ’ ಅನ್ನುವಷ್ಟರಲ್ಲಿ ಸರೋಜ ಫೋನು ಕಸಿದುಕೊಂಡಳು.

“ಇಲ್ಲ ನಂಜಕ್ಕ, ಇವರಿಗೆ ಪುರುಸೊತ್ತಿಲ್ಲ. ಆ ಗಂಡನ್ನೇ ಇಲ್ಲಿಗೆ ಕಳ್ಸಿ, ನೋಡಿ ಕಲೀಲಿ. ಇವರು ಇನ್ನು ಇಪ್ಪತ್ತಾರು ವರ್ಷ ಈ ಅಡುಗೆಮನೇಲೇ ಸಿಗ್ತಾರೆ.”